ಮೊದಲು ಕುಳಿತು ಲೆಕ್ಕ ಹಾಕೋಣ

ಕಳೆದ ವರ್ಷದ ಮಳೆಗಾಲದ ಒಂದು ಸಂಜೆ. ಬಲಿಪೂಜೆ ಮುಗಿಸಿ ಕಚೇರಿಗೆ ಬಂದಾಗ ನಮ್ಮ ಧರ್ಮಕೇಂದ್ರದ ಗೃಹಸ್ಥರೊಬ್ಬರು ಬಾಗಿಲ ಬಳಿ ಕಾದು ನಿಂತಿದ್ದರು. ಹದಿನೆಂಟು ವರ್ಷ ಕೊಲ್ಲಿ ರಾಷ್ಟ್ರದಲ್ಲಿ ದುಡಿದು ಊರಿಗೆ ಮರಳಿದವರು, ಮರ್ಯಾದಸ್ಥರು, ಭಾನುವಾರದ ಪೂಜೆಯನ್ನು ಎಂದೂ ತಪ್ಪಿಸದವರು. ಕಿರಿಯ ಮಗಳಿಗೆ ನರ್ಸಿಂಗ್ ಕಾಲೇಜಿನಲ್ಲಿ ಸೀಟು ದೊರಕಿದೆ, ಮೊದಲ ವರ್ಷದ ಶುಲ್ಕ ಕಟ್ಟಲು ಹಣವಿಲ್ಲ, ಯಾವುದಾದರೂ ಟ್ರಸ್ಟಿನಿಂದ ನೆರವು ಸಿಗುವಂತೆ ಒಂದು ಶಿಫಾರಸು ಪತ್ರ ಬೇಕು ಎಂದರು. ಇಷ್ಟು ವರ್ಷ ಹೊರಗೆ ದುಡಿದಿರಲ್ಲ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು, ಆಡಲಿಲ್ಲ. ಅವರೇ ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲದಿಂದ ಕಾಗದಗಳನ್ನು ತೆಗೆದು ಮೇಜಿನ ಮೇಲೆ ಒಂದೊಂದಾಗಿ ಇಟ್ಟರು. ಸಹಕಾರಿ ಸಂಘದ ಸಾಲದ ಪುಸ್ತಕ, ಚಿನ್ನ ಅಡವಿಟ್ಟ ರಸೀದಿ, ಕ್ರೆಡಿಟ್ ಕಾರ್ಡಿನ ಲೆಕ್ಕದ ಹಾಳೆ. ಅಷ್ಟೂ ಮೂರು ವರ್ಷಗಳ ಹಿಂದೆ ನಡೆದ ಹಿರಿಯ ಮಗಳ ಮದುವೆಯ ಸಾಲ.

ಆ ಮದುವೆ ನನಗೆ ಚೆನ್ನಾಗಿ ನೆನಪಿದೆ. ಸುಮಾರು ಒಂಬೈನೂರು ಅತಿಥಿಗಳು, ಹವಾನಿಯಂತ್ರಿತ ಸಭಾಂಗಣ, ದೂರದಿಂದ ಕರೆಸಿದ ವಾದ್ಯವೃಂದ, ತಲೆಯ ಮೇಲೆ ಹಾರಾಡುತ್ತಿದ್ದ ಡ್ರೋನ್ ಕ್ಯಾಮೆರಾ. ವಿವಾಹ ಸಂಸ್ಕಾರವನ್ನು ನೆರವೇರಿಸಿದವನು ನಾನೇ. ಆಮೇಲೆ ಸಭಾಂಗಣದಲ್ಲಿ ಮೈಕ್ ಹಿಡಿದು, ಇಷ್ಟು ವೈಭವದ ಮದುವೆ ನಮ್ಮ ಧರ್ಮಕೇಂದ್ರದಲ್ಲಿ ಇತ್ತೀಚೆಗೆ ನಡೆದಿಲ್ಲ ಎಂದು ಎಲ್ಲರೆದುರು ಹೊಗಳಿದವನೂ ನಾನೇ. ಆ ಹೊಗಳಿಕೆಯ ಬೆಲೆ ಎಷ್ಟೆಂದು ಮೇಜಿನ ಮೇಲಿನ ಕಾಗದಗಳು ಹೇಳುತ್ತಿದ್ದವು. ಪತ್ರವನ್ನೇನೋ ಬರೆದುಕೊಟ್ಟೆ. ಆದರೆ ಹಣ ಸಕಾಲದಲ್ಲಿ ಒದಗಲಿಲ್ಲ. ಆ ಹುಡುಗಿ ಸೀಟು ಕಳೆದುಕೊಂಡು ಬಟ್ಟೆ ಅಂಗಡಿಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸಕ್ಕೆ ಸೇರಿಕೊಂಡಳು.

ಇದು ಪಾಪನಿವೇದನೆಯ ಪೀಠದಲ್ಲಿ ಕೇಳಿದ ವಿಷಯವಲ್ಲ. ಆ ಗೃಹಸ್ಥರ ಒಪ್ಪಿಗೆಯನ್ನು ಪಡೆದು, ಗುರುತು ಹತ್ತದಂತೆ ಒಂದೆರಡು ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. "ಬರೆಯಿರಿ ಫಾದರ್, ಇನ್ನೊಂದು ಮನೆಯಾದರೂ ಉಳಿದೀತು" ಎಂದು ಅವರೇ ಹೇಳಿದರು.

ಸಂತ ಪೌಲರು ಗಲಾತ್ಯರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಪವಿತ್ರಾತ್ಮರ ಫಲಗಳನ್ನು ಎಣಿಸುತ್ತಾರೆ. ಪ್ರೀತಿಯಿಂದ ಆರಂಭವಾಗುವ ಆ ಪಟ್ಟಿ ಸಂಯಮದೊಂದಿಗೆ ಮುಗಿಯುತ್ತದೆ. ಸಂಯಮವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಊಟ, ಕುಡಿತ ಮತ್ತು ದೇಹದ ಆಸೆಗಳ ಹತೋಟಿ. ತಪಸ್ಸುಕಾಲದ ಶುಕ್ರವಾರಗಳಂದು ಮಾಂಸವನ್ನು ವರ್ಜಿಸುತ್ತೇವೆ; ಕೆಲವರು ನಲವತ್ತು ದಿನಗಳ ಕಾಲ ಮದ್ಯವನ್ನೂ ಮುಟ್ಟುವುದಿಲ್ಲ. ಇವು ಸ್ತುತ್ಯವಾದ ಆಚರಣೆಗಳು. ಆದರೆ ಅದೇ ನಲವತ್ತು ದಿನಗಳಲ್ಲಿ ಹಳೆಯ ಫೋನ್ ಚೆನ್ನಾಗಿರುವಾಗಲೇ ಹೊಸದನ್ನು ಕಂತಿನ ಮೇಲೆ ಕೊಂಡರೆ, ಅದು ತಪಸ್ಸಿಗೆ ಭಂಗವೆಂದು ನಮ್ಮಲ್ಲಿ ಯಾರಿಗೂ ತೋರುವುದಿಲ್ಲ. ಹೊಟ್ಟೆಗೆ ಉಪವಾಸವಿದೆ, ಜೇಬಿಗೆ ಇಲ್ಲ. ಹಣದ ವಿಷಯ ಮನೆಯ ಯಜಮಾನನಿಗೂ ಬ್ಯಾಂಕಿಗೂ ಸಂಬಂಧಿಸಿದ್ದು, ದೇವರಿಗೂ ಧರ್ಮಸಭೆಗೂ ಅದರಲ್ಲಿ ಕೆಲಸವಿಲ್ಲ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಭಾವನೆ ತಪ್ಪು ಎಂಬುದೇ ಇಂದಿನ ನನ್ನ ನಿವೇದನೆ.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದಾಗ ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನ ನೀತಿಶಾಸ್ತ್ರ ನಮಗೆ ಪಠ್ಯವಾಗಿತ್ತು. ಸಂಯಮವಿಲ್ಲದ ಮನುಷ್ಯನನ್ನು ಅವನು ಒಂದು ನಗರಕ್ಕೆ ಹೋಲಿಸುತ್ತಾನೆ. ಆ ನಗರದಲ್ಲಿ ಒಳ್ಳೆಯ ಕಾನೂನುಗಳೆಲ್ಲ ಅಂಗೀಕಾರವಾಗಿವೆ, ಆದರೆ ಅವುಗಳಲ್ಲಿ ಒಂದೂ ಆಚರಣೆಗೆ ಬರುವುದಿಲ್ಲ. ಅಂದು ಪರೀಕ್ಷೆಗೆಂದು ಕಲಿತ ಈ ಹೋಲಿಕೆಯ ನಿಜವಾದ ಅರ್ಥ ಧರ್ಮಕೇಂದ್ರಗಳಲ್ಲಿ ಸೇವೆ ಸಲ್ಲಿಸತೊಡಗಿದ ಮೇಲೆ ತಿಳಿಯಿತು. ಹಣದ ಕಷ್ಟದಲ್ಲಿ ಸಿಲುಕಿದ ಹೆಚ್ಚಿನವರಿಗೆ ಏನು ಮಾಡಬೇಕಿತ್ತೆಂಬುದು ಚೆನ್ನಾಗಿ ಗೊತ್ತಿರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಅವರು ನಮಗೇ ಹೇಳಬಲ್ಲರು. ಕೊರತೆಯಿರುವುದು ತಿಳಿದದ್ದನ್ನು ಆಚರಿಸುವ ಬಲದಲ್ಲಿ. ಅದಲ್ಲದೆ ನಮ್ಮ ಕಾಲದ ಪರೀಕ್ಷೆ ಹಿರಿಯರ ಕಾಲದ್ದಕ್ಕಿಂತ ಕಠಿಣವಾದುದು. ಅವರಿಗೆ ಹಾಸಿಗೆ ಎಷ್ಟು ಉದ್ದವೆಂದು ಕಣ್ಣಿಗೆ ಕಾಣುತ್ತಿತ್ತು. ಇಂದು ಹಾಸಿಗೆಯನ್ನು ಉದ್ದ ಮಾಡಿಕೊಡುವವರು ದಿನಕ್ಕೆರಡು ಬಾರಿ ಫೋನ್ ಮಾಡಿ ಕೇಳುತ್ತಾರೆ.

ಸಂತ ಥಾಮಸ್ ಅಕ್ವಿನಾಸರು ಇದೇ ವಿಚಾರವನ್ನು ಇನ್ನಷ್ಟು ಮುಂದಕ್ಕೆ ಒಯ್ಯುತ್ತಾರೆ. ಹಣದ ವಿಷಯದಲ್ಲಿ ಅವರು ಹೇಳುವ ಸದ್ಗುಣದ ಹೆಸರು ಔದಾರ್ಯ. ಅದರ ಒಂದು ಬದಿಗೆ ಜಿಪುಣತನ, ಇನ್ನೊಂದು ಬದಿಗೆ ದುಂದುಗಾರಿಕೆ. ಇವೆರಡು ಪರಸ್ಪರ ವಿರುದ್ಧವಾದರೂ ಬೇರೆ ಬೇರೆ ವಿಷಯಗಳಲ್ಲಿ ಒಬ್ಬನೇ ಮನುಷ್ಯನಲ್ಲಿ ಎರಡೂ ಇರಬಹುದೆಂದು ಅವರು ತೋರಿಸಿಕೊಡುತ್ತಾರೆ. ಇದಕ್ಕೆ ಉದಾಹರಣೆಯನ್ನು ನಾವು ದೂರ ಹುಡುಕಬೇಕಾಗಿಲ್ಲ. ತೋಟದ ಕೆಲಸದವಳಿಗೆ ಕೂಲಿಯಲ್ಲಿ ಇಪ್ಪತ್ತು ರೂಪಾಯಿ ಹೆಚ್ಚಿಸಲು ತಿಂಗಳುಗಟ್ಟಲೆ ಮೀನಮೇಷ ಎಣಿಸುವವರೇ ಮಗನ ಮದುವೆಯ ಸಿಡಿಮದ್ದಿಗೆ ಅರ್ಧ ಗಂಟೆಯಲ್ಲಿ ಇಪ್ಪತ್ತು ಸಾವಿರ ಸುಡುತ್ತಾರೆ. ಆದುದರಿಂದ ಕ್ರೈಸ್ತ ಸಂಯಮವನ್ನು ಜಿಪುಣತನವೆಂದು ತಿಳಿಯಬಾರದು. ಕೊಡಬೇಕಾದಲ್ಲಿ ಕೊಡಲು ಕೈ ಸ್ವತಂತ್ರವಾಗಿರಬೇಕು. ಆ ಸ್ವಾತಂತ್ರ್ಯವನ್ನು ಕಾಪಾಡಿಕೊಳ್ಳುವುದೇ ಸಂಯಮ. ಸಾಲ ಮಾಡಿದವನು ಸಾಲ ಕೊಟ್ಟವನ ಅಂಕೆಗೆ ಒಳಗಾಗುತ್ತಾನೆಂದು ಜ್ಞಾನೋಕ್ತಿಗಳ ಗ್ರಂಥದ 22ನೇ ಅಧ್ಯಾಯ ಎಚ್ಚರಿಸುವುದು ಇದೇ ಕಾರಣಕ್ಕೆ. ತಿಂಗಳ ಮೊದಲ ವಾರದಲ್ಲೇ ಸಂಬಳವೆಲ್ಲ ಕಂತುಗಳಿಗೆ ಹರಿದುಹೋಗುವ ಮನೆಯಲ್ಲಿ ನೆರೆಮನೆಯ ರೋಗಿಗಾಗಿ ನೂರು ರೂಪಾಯಿ ಕೊಡುವ ಮನಸ್ಸಿದ್ದರೂ ಕೈ ಬರುವುದಿಲ್ಲ.

ನಮ್ಮ ಕರಾವಳಿಗೆ ಈ ಪಾಠ ಹೊಸದೇನಲ್ಲ. ಉಳಿತಾಯವೆಂಬುದನ್ನು ದೇಶಕ್ಕೆ ಕಲಿಸಿದ ನೆಲಗಳಲ್ಲಿ ಇದೂ ಒಂದು. 1925ರಲ್ಲಿ ಉಡುಪಿಯಲ್ಲಿ ಆರಂಭವಾದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಜಾರಿಗೆ ತಂದಿತು. ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಅದರ ಏಜೆಂಟರು ಮನೆಬಾಗಿಲಿಗೆ ಬಂದು ಸಂಗ್ರಹಿಸುತ್ತಿದ್ದರು. ಅದಕ್ಕೂ ಮೊದಲೇ, 1912ರಲ್ಲಿ, ಮಂಗಳೂರಿನ ಕಥೋಲಿಕರು ತಮ್ಮದೇ ಆದ ಸಹಕಾರಿ ಬ್ಯಾಂಕನ್ನು ಕಟ್ಟಿಕೊಂಡಿದ್ದರು. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡಿತು. ಬ್ಯಾಂಕಿನ ಹೆಸರು ಹೋದುದಕ್ಕಿಂತ ಆ ಎರಡಾಣೆಯ ಬುದ್ಧಿ ನಮ್ಮ ಮನೆಗಳಿಂದ ಹೋದುದು ದೊಡ್ಡ ನಷ್ಟವೆಂದು ನಾನು ಭಾವಿಸುತ್ತೇನೆ.

ನನ್ನ ತಾಯಿ ಮಲ್ಲಿಗೆ ಬೆಳೆಯುತ್ತಿದ್ದರು. ಉಡುಪಿಯ ಆಸುಪಾಸಿನ ಅನೇಕ ಕ್ರೈಸ್ತ ಮನೆಗಳಂತೆ ನಮ್ಮ ಅಂಗಳದ ಬದಿಯಲ್ಲೂ ಶಂಕರಪುರ ಮಲ್ಲಿಗೆಯ ಗಿಡಗಳಿದ್ದವು. ನಸುಕಿನಲ್ಲೆದ್ದು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡುಗಳನ್ನು ಅಟ್ಟೆಯ ಲೆಕ್ಕದಲ್ಲಿ ಕಳುಹಿಸುವುದು ಮನೆಯವರೆಲ್ಲರ ಕೆಲಸ. ಮಲ್ಲಿಗೆಯ ದರವನ್ನು ಬಲ್ಲವರು ಬಲ್ಲರು. ಮದುವೆ, ಹಬ್ಬಗಳ ದಿನಗಳಲ್ಲಿ ಅದು ಆಕಾಶಕ್ಕೇರುತ್ತದೆ; ಕೆಲವೇ ದಿನಗಳಲ್ಲಿ ನೆಲಕ್ಕಿಳಿಯುತ್ತದೆ. ಮಳೆಗಾಲದಲ್ಲಿ ಹೂವೇ ಇರುವುದಿಲ್ಲ. ದರ ಏರಿದ ದಿನ ನಾವು ಮಕ್ಕಳು ಪೇಟೆಯ ತಿಂಡಿಗಾಗಿ ಹಟ ಹಿಡಿಯುತ್ತಿದ್ದೆವು. ಆಗ ತಾಯಿ, "ದರ ಇದ್ದ ದಿನದ ದುಡ್ಡು ದರ ಇಲ್ಲದ ದಿನಕ್ಕೆ ಸೇರಿದ್ದು ಮಗಾ" ಎನ್ನುತ್ತಿದ್ದರು. ಸಂಜೆ ಪಿಗ್ಮಿಯವರು ಬಂದಾಗ ಸೆರಗಿನ ಗಂಟು ಬಿಚ್ಚಿ ಹಣ ಕೊಟ್ಟು, ಪುಸ್ತಕದಲ್ಲಿ ಬರೆದುದನ್ನು ನನ್ನಿಂದ ಓದಿಸಿ ಖಚಿತಪಡಿಸಿಕೊಳ್ಳುತ್ತಿದ್ದರು. ನಾನು ಗುರುಮಠಕ್ಕೆ ಹೊರಟಾಗ ಪೆಟ್ಟಿಗೆ, ಹಾಸಿಗೆ, ಬಟ್ಟೆಗಳಿಗಾದ ಖರ್ಚು ಆ ಪುಸ್ತಕದಿಂದಲೇ ಬಂತು. ಅರಿಸ್ಟಾಟಲನನ್ನು ಓದದ ನನ್ನ ತಾಯಿಯ ನಗರದಲ್ಲಿ ಕಾನೂನುಗಳು ಕಡಿಮೆಯಿದ್ದವು, ಇದ್ದವೆಲ್ಲ ಆಚರಣೆಯಲ್ಲಿದ್ದವು.

ಇಂದಿನ ಸ್ಥಿತಿಯನ್ನು ಒಂದು ಸಣ್ಣ ಲೆಕ್ಕದಿಂದ ವಿವರಿಸಬಹುದು. ಕ್ರೆಡಿಟ್ ಕಾರ್ಡಿನ ಬಾಕಿಯನ್ನು ಪೂರ್ತಿ ಕಟ್ಟದಿದ್ದರೆ ಅನೇಕ ಕಾರ್ಡುಗಳಲ್ಲಿ ತಿಂಗಳಿಗೆ ಶೇಕಡಾ 3.5ರಷ್ಟು ಬಡ್ಡಿ ಬೀಳುತ್ತದೆ. ವರ್ಷಕ್ಕೆ ಶೇಕಡಾ 42 ಎಂದಾಯಿತು. ಒಬ್ಬ ಯುವಕನಿಗೆ 50,000 ರೂಪಾಯಿ ಬಾಕಿಯಿದೆ, ಅವನು ತಿಂಗಳಿಗೆ 2,500 ರೂಪಾಯಿ ಕಟ್ಟುತ್ತಾನೆ ಎಂದು ಇಟ್ಟುಕೊಳ್ಳಿ. ಅದರಲ್ಲಿ 1,750 ರೂಪಾಯಿ ಬಡ್ಡಿಗೆ ಹೋಗುತ್ತದೆ. ಆ ಬಡ್ಡಿಯ ಮೇಲಿನ ಶೇಕಡಾ 18 ತೆರಿಗೆ 315 ರೂಪಾಯಿ. ಅಸಲಿನಲ್ಲಿ ಕಡಿಮೆಯಾಗುವುದು ಕೇವಲ 435 ರೂಪಾಯಿ. ಎರಡೂವರೆ ಸಾವಿರ ಕಟ್ಟಿದೆನೆಂಬ ಸಮಾಧಾನದಲ್ಲಿ ಅವನು ಮಲಗುತ್ತಾನೆ. ಸಾಲ ಮಾತ್ರ ಎಚ್ಚರವಾಗಿಯೇ ಇರುತ್ತದೆ. ಈ ಲೆಕ್ಕಕ್ಕೆ ಉನ್ನತ ಗಣಿತ ಬೇಕಿಲ್ಲ. ಏಳನೇ ತರಗತಿಯ ಮಗು ಮಾಡಬಲ್ಲ ಲೆಕ್ಕವನ್ನು ಪದವೀಧರರಾದ ನಮ್ಮ ಯುವಕರು ಮಾಡದಿರುವುದೇಕೆ? ಕುಳಿತುಕೊಳ್ಳುವ ವ್ಯವಧಾನವಿಲ್ಲ, ಅಷ್ಟೆ.

ಸಂತ ಲೂಕರ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಗೋಪುರ ಕಟ್ಟಹೊರಟವನ ಸಾಮತಿಯಿದೆ. ಕೆಲಸ ಪೂರೈಸಲು ತನ್ನಲ್ಲಿ ಸಾಕಷ್ಟು ಹಣವಿದೆಯೇ ಎಂದು ಅವನು ಮೊದಲು ಕುಳಿತು ಲೆಕ್ಕ ಹಾಕಬೇಕಷ್ಟೆ, ಇಲ್ಲವಾದರೆ ಅಡಿಪಾಯ ಹಾಕಿ ಮುಗಿಸಲಾಗದೆ ನೋಡುವವರ ನಗೆಗೆ ಗುರಿಯಾಗುತ್ತಾನೆ ಎಂಬುದು ಅದರ ತಾತ್ಪರ್ಯ. ಯೇಸುಸ್ವಾಮಿ ಇದನ್ನು ಹೇಳಿದ್ದು ಶಿಷ್ಯತ್ವದ ಬೆಲೆಯನ್ನು ಕುರಿತು, ಮನೆಯ ಖರ್ಚನ್ನು ಕುರಿತಲ್ಲ ಎಂಬುದು ನಿಜ. ಆದರೂ ಶಿಷ್ಯತ್ವದಂಥ ಘನವಾದ ವಿಷಯಕ್ಕೆ ಅವರು ಆರಿಸಿಕೊಂಡ ಹೋಲಿಕೆ ಒಬ್ಬ ಮನೆವಂದಿಗನ ಖರ್ಚಿನ ಲೆಕ್ಕ ಎಂಬುದು ಗಮನಾರ್ಹ. ಆ ಸಾಮತಿಯಲ್ಲಿ ನನ್ನನ್ನು ಸೆಳೆಯುವುದು ಕುಳಿತುಕೊಳ್ಳುವ ಆ ಒಂದು ಕ್ರಿಯೆ. ನಿಂತವನು, ಓಡುವವನು, ಅಂಗಡಿಯ ಬೆಳಕಿನಲ್ಲಿ ಕಣ್ಣು ಕೋರೈಸಿದವನು ಲೆಕ್ಕ ಹಾಕಲಾರ. ಮದುವೆಯ ಸಭಾಂಗಣವನ್ನು ಗೊತ್ತುಮಾಡಿ ಮುಂಗಡ ಕೊಟ್ಟ ಮೇಲೆ ಹಾಕುವ ಲೆಕ್ಕ ಲೆಕ್ಕವಲ್ಲ. ಅದು ಸಾಲದ ಮೊತ್ತವನ್ನು ತಿಳಿಯುವ ಕೆಲಸ ಮಾತ್ರ.

ಇಲ್ಲಿ ಕೆಲವರು ಕಾನಾ ಊರಿನ ಮದುವೆಯನ್ನು ಎತ್ತುತ್ತಾರೆ. ಸ್ವತಃ ಯೇಸುಸ್ವಾಮಿಯೇ ಆರು ಬಾನೆಗಳ ತುಂಬ ದ್ರಾಕ್ಷಾರಸ ಒದಗಿಸಲಿಲ್ಲವೇ, ಮದುವೆಯ ಸಂಭ್ರಮ ಬೇಡವೆನ್ನಲು ನೀವು ಯಾರು ಎಂದು ಒಬ್ಬರು ನನ್ನನ್ನು ನೇರವಾಗಿಯೇ ಕೇಳಿದರು. ಪ್ರಶ್ನೆ ನ್ಯಾಯವಾದುದು. ಸಂಭ್ರಮ ಪಾಪವಲ್ಲ. ಆದರೆ ಕಾನಾದಲ್ಲಿ ನಡೆದುದು ಒಂದು ಬಡ ಮನೆಯ ಮಾನ ಉಳಿಸಿದ ಕೆಲಸ. ಆ ದ್ರಾಕ್ಷಾರಸಕ್ಕೆ ಮರುದಿನ ಯಾರೂ ಬಡ್ಡಿ ಕಟ್ಟಬೇಕಾಗಲಿಲ್ಲ. ಅದೇ ಯೊವಾನ್ನರ ಶುಭಸಂದೇಶದ 6ನೇ ಅಧ್ಯಾಯದಲ್ಲಿ, ಐದು ಸಾವಿರ ಜನರಿಗೆ ಉಣಬಡಿಸಿದ ಮೇಲೆ, ಉಳಿದ ತುಣುಕುಗಳು ಹಾಳಾಗದಂತೆ ಕೂಡಿಸಿಡಲು ಯೇಸು ಶಿಷ್ಯರಿಗೆ ಹೇಳುತ್ತಾರೆ. ಹನ್ನೆರಡು ಬುಟ್ಟಿ ತುಂಬುತ್ತದೆ. ಧಾರಾಳವಾಗಿ ಕೊಟ್ಟ ಕೈಯೇ ತುಣುಕನ್ನೂ ಎತ್ತಿಡುತ್ತದೆ. ನಮ್ಮ ಸಭಾಂಗಣಗಳ ಹಿಂಬಾಗಿಲಲ್ಲಿ ರಾತ್ರಿ ಹನ್ನೊಂದಕ್ಕೆ ಎಷ್ಟು ಬುಟ್ಟಿ ಅನ್ನ, ಮಾಂಸ ಹೊರಬೀಳುತ್ತದೆ, ಅದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಒಮ್ಮೆ ಹೋಗಿ ನೋಡಿದವರಿಗೆ ಈ ವಾಕ್ಯದ ಅರ್ಥ ಬೇರೆ ವ್ಯಾಖ್ಯಾನವಿಲ್ಲದೆ ಆಗುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದುದು. ಸಾಲದಲ್ಲಿರುವವರೆಲ್ಲ ಸಂಯಮವಿಲ್ಲದವರೇ? ಖಂಡಿತ ಅಲ್ಲ. ಆಸ್ಪತ್ರೆಯ ಬಿಲ್ಲಿಗಾಗಿ, ಮಕ್ಕಳ ಶಾಲೆಗಾಗಿ, ಮುರಿದ ಮಾಡಿನ ದುರಸ್ತಿಗಾಗಿ ಸಾಲ ಮಾಡಿದವರ ಮುಂದೆ ಸಂಯಮದ ಉಪದೇಶ ಮಾಡುವುದು ಗಾಯದ ಮೇಲೆ ಬರೆ ಎಳೆದಂತೆ. ಮೈಕ್ರೋ ಫೈನಾನ್ಸ್ ಸಾಲದ ಬಲವಂತದ ವಸೂಲಿಗೆ ತಡೆಹಾಕಲು ರಾಜ್ಯ ಸರಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು ಎಂದ ಮೇಲೆ ಬಡ ಸಾಲಗಾರರ ಸಂಕಟ ಎಂಥದೆಂದು ಊಹಿಸಬಹುದು. ಅವರಿಗೆ ಬೇಕಾದುದು ನೆರವು. ಧರ್ಮಸಭೆಗೆ ಈ ವಿಷಯದಲ್ಲಿ ಒಂದು ಹಳೆಯ ಪರಂಪರೆಯಿದೆ. 15ನೇ ಶತಮಾನದ ಇಟಲಿಯಲ್ಲಿ ಬಡವರು ಬಡ್ಡಿಕೋರರ ಕೈಗೆ ಸಿಕ್ಕಿ ನಲುಗುತ್ತಿದ್ದಾಗ ಫ್ರಾನ್ಸಿಸ್ಕನ್ ಗುರುಗಳು ಜನರಿಂದ ದಾನ ಸಂಗ್ರಹಿಸಿ, ಒತ್ತೆಯ ಮೇಲೆ ಸುಲಭವಾಗಿ ಸಾಲ ಕೊಡುವ ನಿಧಿಗಳನ್ನು ಸ್ಥಾಪಿಸಿದರು. 1462ರಲ್ಲಿ ಪೆರೂಜಾ ನಗರದಲ್ಲಿ ಅಂಥದೊಂದು ನಿಧಿ ಆರಂಭವಾಯಿತು. ನಿರ್ವಹಣೆಯ ವೆಚ್ಚಕ್ಕಾಗಿ ಅವು ಅಲ್ಪ ಮೊತ್ತ ಪಡೆಯುವುದು ತಪ್ಪಲ್ಲವೆಂದು 1515ರಲ್ಲಿ ಐದನೇ ಲ್ಯಾಟೆರನ್ ಮಹಾಸಭೆ ತೀರ್ಮಾನಿಸಿತು. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಓಝನಾಮ್ ಮತ್ತು ಸಂಗಡಿಗರು ಆರಂಭಿಸಿದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ಇಂದಿಗೂ ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಬಡವರ ಮನೆಬಾಗಿಲಿಗೆ ಹೋಗುತ್ತಿದೆ. ಈ ನಿಧಿಗಳೆಲ್ಲ ತುಂಬುವುದು ಯಾರ ಹಣದಿಂದ? ಉಳ್ಳವರು ತಮ್ಮ ಮೇಲೆ ತಾವು ಮಿತಿ ಹಾಕಿಕೊಂಡು ಉಳಿಸಿದ ಹಣದಿಂದ. ಉಳ್ಳವರ ಸಂಯಮವೇ ಇಲ್ಲದವರ ಆಸರೆ.

ದೇವರ ಮೇಲೆ ಭಾರ ಹಾಕಿದ್ದೇವೆ, ಲೆಕ್ಕವೇಕೆ ಎನ್ನುವವರೂ ಇದ್ದಾರೆ. ಚಿಂತಿಸಬೇಡಿರೆಂದು ಪ್ರಭು ಹೇಳಿದುದು ಸತ್ಯ. ಆದರೆ ಲೆಕ್ಕವಿಡದ ಮನೆಗಳಲ್ಲೇ ಚಿಂತೆ ಹೆಚ್ಚಾಗಿರುವುದನ್ನು ನಾನು ಕಂಡಿದ್ದೇನೆ. ಫೋನ್ ರಿಂಗಾದೊಡನೆ ಮುಖ ಬಿಳಿಚಿಕೊಳ್ಳುವ ತಂದೆ, ಒತ್ತೆಯಿಟ್ಟ ಕರಿಮಣಿಯ ವಿಷಯ ಗಂಡನಿಂದ ಬಚ್ಚಿಟ್ಟ ಹೆಂಡತಿ, ಹಣ ಪಣವಿಡುವ ಆಟಗಳಲ್ಲಿ ಕಳೆದುದನ್ನು ಮನೆಯಲ್ಲಿ ಹೇಳಲಾರದೆ ತೊಳಲುವ ಮಗ. ಅಂಥ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು 2025ರ ಆಗಸ್ಟ್‌ನಲ್ಲಿ ಸಂಸತ್ತಿನ ಅಂಗೀಕಾರ ಪಡೆಯಿತು. ಕಾನೂನು ಹೊರಗಿನ ಬಾಗಿಲನ್ನು ಮುಚ್ಚಬಹುದು. ಮನಸ್ಸಿನ ಬಾಗಿಲಿಗೆ ಅಗಳಿ ಹಾಕಬೇಕಾದವರು ನಾವೇ. ಹಣದ ಗುಟ್ಟುಗಳು ದಾಂಪತ್ಯದ ವಿಶ್ವಾಸವನ್ನು ಗೆದ್ದಲಿನಂತೆ ತಿನ್ನುತ್ತವೆ. ಜಗಳವೆಂದು ನನ್ನ ಬಳಿ ಬಂದ ದಂಪತಿಗಳ ಮಾತನ್ನು ತಾಳ್ಮೆಯಿಂದ ಕೇಳುತ್ತ ಹೋದರೆ ಎಷ್ಟೋ ಸಲ ತಳದಲ್ಲಿ ಸಿಗುವುದು ಒಂದು ಬಚ್ಚಿಟ್ಟ ಸಾಲದ ಚೀಟಿ.

ಇನ್ನು ನಮ್ಮ ಕಡೆಗೆ, ಅಂದರೆ ಗುರುಗಳ ಕಡೆಗೆ, ಬೆರಳು ತೋರಿಸಿಕೊಳ್ಳದೆ ಈ ಲೇಖನ ಮುಗಿಸುವುದು ಪ್ರಾಮಾಣಿಕವಾಗದು. ಧರ್ಮಕೇಂದ್ರದ ಹಬ್ಬಕ್ಕೆ ಹಿಂದಿನ ವರ್ಷಕ್ಕಿಂತ ದೊಡ್ಡ ದ್ವಾರ, ಹೆಚ್ಚು ವಿದ್ಯುದ್ದೀಪ, ಹೆಚ್ಚು ಧ್ವನಿವರ್ಧಕ ಬೇಕೆನಿಸುವುದು ನಮಗೂ ಉಂಟು. ಗುರುದೀಕ್ಷೆಯ ರಜತೋತ್ಸವಗಳ ಊಟದ ಪಟ್ಟಿ ಮದುವೆಯ ಊಟವನ್ನು ಮೀರಿಸಿದ್ದುಂಟು. ಬಲಿಪೀಠದಿಂದ ಸರಳತೆಯ ಪ್ರವಚನ ಮಾಡಿ, ಸಭಾಂಗಣದಲ್ಲಿ ವೈಭವವನ್ನು ಹೊಗಳಿದರೆ ಜನರು ನಂಬುವುದು ಎರಡನೆಯದನ್ನು. ನಾನು ಮಾಡಿದ್ದು ಅದನ್ನೇ. ಆ ಮಳೆಗಾಲದ ಸಂಜೆಯ ನಂತರ ಯಾವ ಮದುವೆಯಲ್ಲೂ ಖರ್ಚನ್ನು ಹೊಗಳುವ ಮಾತನ್ನು ನಾನು ಆಡಿಲ್ಲ. ಆರತಕ್ಷತೆಗೆ ಹೋದಾಗ ವಧೂವರರ ತಂದೆತಾಯಿಯರ ಶ್ರಮವನ್ನು ಸ್ಮರಿಸಿ ಆಶೀರ್ವದಿಸಿ ಕುಳಿತುಕೊಳ್ಳುತ್ತೇನೆ. ಕಳೆದ ಬಾರಿಯ ಹಬ್ಬದ ಖರ್ಚು-ವೆಚ್ಚವನ್ನು ಪೈಸೆ ಸಹಿತ ಇಗರ್ಜಿಯ ಬಾಗಿಲಲ್ಲಿ ತೂಗುಹಾಕಿದೆವು. ದೀಪಾಲಂಕಾರದಲ್ಲಿ ಉಳಿಸಿದ ಹಣವನ್ನು ವಿದ್ಯಾರ್ಥಿಗಳ ಶುಲ್ಕಕ್ಕೆಂದು ತೆಗೆದಿರಿಸಿದೆವು. ಹಬ್ಬ ಕಳೆಗುಂದಿತೆಂದು ಇಬ್ಬರು ಮೂವರು ಹೇಳಿದರು. ಇರಬಹುದು.

ಕುಟುಂಬಗಳಲ್ಲಿ ಮಾಡಬಹುದಾದ ಕೆಲವು ಸರಳ ಕಾರ್ಯಗಳನ್ನು ಸೂಚಿಸಬಯಸುತ್ತೇನೆ. ತಿಂಗಳಿಗೊಂದು ಸಂಜೆ, ಜಪಸರ ಪ್ರಾರ್ಥನೆ ಮುಗಿದ ಮೇಲೆ, ಮನೆಯವರೆಲ್ಲ ಒಟ್ಟಿಗೆ ಕುಳಿತು ಆದಾಯ, ಖರ್ಚು, ಸಾಲಗಳ ಲೆಕ್ಕವನ್ನು ತೆರೆದಿಡಲಿ. ಹತ್ತು ಹನ್ನೆರಡು ವರ್ಷ ದಾಟಿದ ಮಕ್ಕಳೂ ಅಲ್ಲಿರಲಿ. ತಂದೆಯ ಬೆವರಿಗೆ ಎಷ್ಟು ಬೆಲೆಯೆಂದು ತಿಳಿದ ಮಗು ಅನಗತ್ಯವಾಗಿ ಕಾಡುವುದಿಲ್ಲ. ಆ ಲೆಕ್ಕದ ಮೊದಲ ಸಾಲಿನಲ್ಲಿ ದಾನಕ್ಕೆಂದು ಒಂದು ಮೊತ್ತವಿರಲಿ, ಎಷ್ಟೇ ಚಿಕ್ಕದಾದರೂ ಸರಿ. ಎರಡನೆಯ ಸಾಲಿನಲ್ಲಿ ಉಳಿತಾಯ. ಉಳಿದರೆ ಕೊಡೋಣ ಎಂದುಕೊಂಡವರಿಗೆ ಎಂದೂ ಉಳಿಯುವುದಿಲ್ಲ. ಕಂತಿನ ಮೇಲೆ ಏನನ್ನಾದರೂ ಕೊಳ್ಳಬೇಕೆನಿಸಿದಾಗ ನಡುವೆ ಒಂದು ಭಾನುವಾರ ಕಳೆಯಲಿ. ಪೂಜೆಗೆ ಹೋಗಿ ಬಂದ ಮೇಲೂ ಅದು ಬೇಕೆನಿಸಿದರೆ ಆಗ ಯೋಚಿಸಬಹುದು.

ಸಾಲದ ವಿಷಯದಲ್ಲಿ ನಾನು ಯುವ ದಂಪತಿಗಳಿಗೆ ಹೇಳುವುದು ಒಂದೇ ನಿಯಮ. ಕಂತು ಮುಗಿಯುವ ಮೊದಲೇ ಮುಗಿದುಹೋಗುವ ವಸ್ತುವಿಗಾಗಿ ಸಾಲ ಮಾಡಬೇಡಿ. ಮನೆ, ವಿದ್ಯೆ, ದುಡಿಮೆಯ ಸಲಕರಣೆ ಇವು ಸಾಲ ತೀರಿದ ಮೇಲೂ ಉಳಿಯುತ್ತವೆ. ಒಂದು ರಾತ್ರಿಯ ಊಟ ಉಳಿಯುವುದಿಲ್ಲ. ಮದುವೆಯ ಸಿದ್ಧತಾ ಶಿಬಿರಗಳಲ್ಲಿ ನಾವು ದಾಂಪತ್ಯದ ಪಾವಿತ್ರ್ಯವನ್ನು ಬೋಧಿಸುತ್ತೇವೆ, ವೈದ್ಯರಿಂದ ಉಪನ್ಯಾಸ ಮಾಡಿಸುತ್ತೇವೆ. ಅದರೊಂದಿಗೆ ವಧೂವರರಿಬ್ಬರೂ ತಮ್ಮ ಮದುವೆಯ ಖರ್ಚನ್ನು ಒಂದು ಹಾಳೆಯಲ್ಲಿ ಬರೆದು, ಅದರಲ್ಲಿ ಸಾಲವೆಷ್ಟು, ಅದನ್ನು ತೀರಿಸುವವರು ಯಾರು ಎಂದು ಪರಸ್ಪರ ಹೇಳಿಕೊಳ್ಳುವ ಒಂದು ಗಂಟೆಯೂ ಇರಬೇಕೆಂದು ನನ್ನ ಅಭಿಪ್ರಾಯ. ನಮ್ಮ ಧರ್ಮಕೇಂದ್ರದಲ್ಲಿ ಅದನ್ನು ಆರಂಭಿಸಿದ್ದೇವೆ.

ಖರ್ಚಿಲ್ಲದೆ ಸಂತೋಷವಿಲ್ಲವೆಂದು ಯಾರಾದರೂ ಹೇಳಿದರೆ ನಾನು ಅವರಿಗೆ ನಮ್ಮ ಮೊಂತಿ ಹಬ್ಬವನ್ನು ನೆನಪಿಸುತ್ತೇನೆ. ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನ್ಮದಿನದಂದು, ಮಕ್ಕಳು ಅಂಗಳದ ಹೂವುಗಳನ್ನು ತಂದು ಅರ್ಪಿಸುತ್ತಾರೆ. ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೊಯ್ದು, ಕೆಲವೇ ಕಾಳುಗಳನ್ನು ಪುಡಿಮಾಡಿ ಹಾಲಿಗೆ ಬೆರೆಸಿ, ಹಿರಿಯರು ಎಲ್ಲರಿಗೂ ಹಂಚುತ್ತಾರೆ. ನಂತರ ಎಲೆಯ ಮೇಲೆ ತರಕಾರಿಯ ಊಟ. ಊರಲ್ಲಿಲ್ಲದವರಿಗೂ ತೆನೆಯ ಕಾಳು ಕಳುಹಿಸಿಕೊಡುವ ಮನೆಗಳಿವೆ. ವರ್ಷದ ಅತ್ಯಂತ ಆಪ್ತವಾದ ಹಬ್ಬ ಯಾವುದೆಂದು ಕೊಲ್ಲಿಯಲ್ಲೋ ಮುಂಬಯಿಯಲ್ಲೋ ಇರುವ ನಮ್ಮವರನ್ನು ಕೇಳಿ ನೋಡಿ. ಹೆಚ್ಚಿನವರು ಇದನ್ನೇ ಹೇಳುತ್ತಾರೆ. ಈ ಹಬ್ಬಕ್ಕಾಗಿ ಯಾರೂ ಚಿನ್ನ ಅಡವಿಟ್ಟುದನ್ನು ನಾನು ಕೇಳಿಲ್ಲ.

ಆ ಗೃಹಸ್ಥರ ಮನೆಯ ವಿಷಯವನ್ನು ಹೇಳಿ ಮುಗಿಸುತ್ತೇನೆ. ಸೀಟು ಕೈತಪ್ಪಿದ ಕೆಲವು ವಾರಗಳ ನಂತರ, ನನ್ನ ಒತ್ತಾಯದ ಮೇಲೆ, ಅವರ ಮನೆಯವರೆಲ್ಲ ಒಂದು ಸಂಜೆ ಕಾಗದಗಳನ್ನು ಮುಂದಿಟ್ಟುಕೊಂಡು ಕುಳಿತರು. ನಾನೂ ಇದ್ದೆ. ಹಿರಿಯ ಮಗಳು, ಅಳಿಯ ಸಹ ಬಂದಿದ್ದರು. ಮದುವೆಯ ಸಾಲದ ಮೊತ್ತವನ್ನು ಹಿರಿಯ ಮಗಳು ಕೇಳಿದ್ದು ಅಂದೇ ಮೊದಲು. ಬಹಳ ಹೊತ್ತು ಸುಮ್ಮನಿದ್ದು, "ಅಪ್ಪಾ, ಅಷ್ಟು ಜನರಲ್ಲಿ ಅರ್ಧದಷ್ಟು ಮಂದಿಯ ಮುಖವೂ ನನಗೆ ಗೊತ್ತಿರಲಿಲ್ಲ. ನಾನು ಅದನ್ನು ಕೇಳಿಯೇ ಇರಲಿಲ್ಲವಲ್ಲ" ಎಂದಳು. ತಂದೆ ಉತ್ತರಿಸಲಿಲ್ಲ. ಯಾರೂ ಕೇಳದ ವೈಭವಕ್ಕಾಗಿ ಒಬ್ಬ ತಂದೆ ಸಾಲಗಾರನಾಗಿದ್ದ. ಒಬ್ಬ ಮಗಳ ಓದು ನಿಂತಿತ್ತು. ನಾಲ್ಕು ಜನ ಏನೆಂದುಕೊಂಡಾರು ಎಂಬ ಭಯವೊಂದೇ ಅದಕ್ಕೆ ಕಾರಣವಾಗಿತ್ತು. ಆ ನಾಲ್ಕು ಜನರಲ್ಲಿ ಮೈಕ್ ಹಿಡಿದ ನಾನೂ ಒಬ್ಬ.

ಅಂದು ಅವರು ಹೆಚ್ಚು ಬಡ್ಡಿಯ ಕಾರ್ಡಿನ ಸಾಲವನ್ನು ಮೊದಲು ತೀರಿಸುವುದೆಂದು ನಿಶ್ಚಯಿಸಿದರು. ಕಾರು ಮಾರಾಟವಾಯಿತು. ಹಿರಿಯ ಮಗಳು ತನ್ನ ಸಂಬಳದಿಂದ ತಿಂಗಳಿಗಿಷ್ಟು ಎಂದು ತಂಗಿಯ ಹೆಸರಿನಲ್ಲಿ ಇಡತೊಡಗಿದ್ದಾಳೆ. ಸಹಕಾರಿ ಸಂಘದ ಸಾಲ ಇನ್ನೂ ಇದೆ. ಮುಂದಿನ ಸಾಲಿಗೆ ಕಿರಿಯವಳು ಮತ್ತೆ ಅರ್ಜಿ ಹಾಕುತ್ತಾಳೆ. ಬಿಲ್ಲಿಂಗ್ ಕೌಂಟರಿನ ಸಂಬಳದಿಂದ ಅವಳೂ ದಿನಕ್ಕಿಷ್ಟು ಕೂಡಿಡುತ್ತಿದ್ದಾಳೆಂದು ತಾಯಿ ಹೇಳಿದರು. ನನ್ನ ತಾಯಿಯ ಪಿಗ್ಮಿ ಪುಸ್ತಕ ನೆನಪಾಯಿತು.

ಪ್ರಿಯ ಓದು­ಗರೇ, ನಿಮ್ಮ ಮನೆಯಲ್ಲೂ ಯಾವುದಾದರೊಂದು ಗೋಪುರದ ಯೋಜನೆ ಇದ್ದಿರಬಹುದು. ಅದು ಒಳ್ಳೆಯದೇ ಇರಲಿ. ಈ ವಾರ ಒಂದು ಸಂಜೆ ದೀಪ ಹಚ್ಚಿ, ಪ್ರಾರ್ಥಿಸಿ, ಒಬ್ಬರ ಮುಖ ಒಬ್ಬರು ನೋಡುವಂತೆ ಕುಳಿತುಕೊಳ್ಳಿ. ಲೆಕ್ಕ ಆಮೇಲೆ ತಾನಾಗಿ ಬರುತ್ತದೆ.